ವೇಗ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು: ಟ್ರಾಲಿ–ಫೋಟೋಗೇಟ್ ಕಿಟ್ ಇದನ್ನು ತೋರಿಸಿಕೊಡುತ್ತದೆಯೇ?

ಚಲನಶಕ್ತಿಯ ಸೂತ್ರ ಬಾಯಿಗೆ ಬರುವುದು ಸುಲಭ: ಅರ್ಧ, ರಾಶಿ, ವೇಗದ ವರ್ಗ. ಕಷ್ಟ ಇರುವುದು ಆ ಕೊನೆಯ ಪದದಲ್ಲಿ. ವೇಗ ಎರಡು ಪಟ್ಟಾದರೆ ಶಕ್ತಿಯೂ ಎರಡು ಪಟ್ಟಾಗಬೇಕು ಎಂದೇ ಮನಸ್ಸು ಹೇಳುತ್ತಿರುತ್ತದೆ. ಪರೀಕ್ಷೆಯಲ್ಲಿ ನಾಲ್ಕು ಪಟ್ಟು ಎಂದು ಬರೆದು ಪೂರ್ತಿ ಅಂಕ ಪಡೆದವರಲ್ಲೂ ಬಹಳಷ್ಟು ಮಂದಿ ಅದನ್ನು ಒಳಗಿನಿಂದ ನಂಬಿರುವುದಿಲ್ಲ. ನಂಬಿಕೆ ಬರಬೇಕಾದರೆ ಕೈಯಾರೆ ಅಳೆಯಬೇಕು. ಅದಕ್ಕೆಂದೇ ಇರುವುದು ಟ್ರಾಲಿ (ಚಕ್ರದ ಪುಟ್ಟ ಗಾಡಿ), ಹಳಿ ಮತ್ತು ಫೋಟೋಗೇಟ್ (ಬೆಳಕಿನ ಕಿರಣಕ್ಕೆ ವಸ್ತು ಅಡ್ಡ ಬಂದದ್ದನ್ನು ಹಿಡಿಯುವ ಸಾಧನ) ಇರುವ ಈ ಕಿಟ್. ಹಲವು ತಯಾರಕರು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಾರೆ, ಪೆಟ್ಟಿಗೆ ತೆರೆದರೆ ಒಳಗಿನ ಸಾಮಾನು ಬಹುಮಟ್ಟಿಗೆ ಒಂದೇ. ಹಾಗಾಗಿ ಇಲ್ಲಿ ಬರೆದಿರುವುದು ಯಾವುದೋ ಒಂದು ಕಂಪನಿಯ ಮಾಲಿನ ಬಗ್ಗೆ ಅಲ್ಲ, ಈ ಬಗೆಯ ಕಿಟ್ಟಿನ ಬಗ್ಗೆ. ಕೇಳಬೇಕಾದ ಪ್ರಶ್ನೆ ಒಂದೇ: ಆ ವರ್ಗ ಇದರಲ್ಲಿ ಕಣ್ಣಿಗೆ ಕಾಣುತ್ತದೆಯೇ?

ಕಾಣುತ್ತದೆ. ಆದರೆ ಪೆಟ್ಟಿಗೆಯ ಜೊತೆ ಬರುವ ಕೈಪಿಡಿ ಹೇಳಿದಂತೆಯೇ ಮಾಡಿದರೆ ಅರ್ಧ ಪ್ರಯೋಗಗಳಲ್ಲಿ ಕಾಣುವುದಿಲ್ಲ. ಕಾರಣ ಟ್ರಾಲಿಯಲ್ಲಿಲ್ಲ, ವೇಗ ಅಳೆಯುವ ಬಗೆಯಲ್ಲಿದೆ. ಶಕ್ತಿ ವೇಗದ ವರ್ಗವಾದ್ದರಿಂದ ವೇಗದಲ್ಲಿ ಶೇ. 5 ತಪ್ಪಿದರೆ ಶಕ್ತಿಯಲ್ಲಿ ಶೇ. 10 ತಪ್ಪುತ್ತದೆ. ರಾಶಿಯನ್ನು ಸಾಮಾನ್ಯ ತಕ್ಕಡಿಯೂ ಶೇ. 1ರೊಳಗೆ ತೂಗಿಕೊಡುತ್ತದೆ. ಆದ್ದರಿಂದ ಕಿಟ್ಟಿನ ಗುಣ ನೋಡುವವರು ಟ್ರಾಲಿಯ ಬಣ್ಣ, ಹಳಿಯ ಹೊಳಪು ನೋಡುತ್ತಾ ಕೂರುವುದಕ್ಕಿಂತ ಟೈಮರ್ ಎಷ್ಟು ಸೂಕ್ಷ್ಮ, ಗೇಟಿನ ಬೆಳಕಿಗೆ ಅಡ್ಡ ಬರಲೆಂದು ಟ್ರಾಲಿಯ ಮೇಲೆ ನಿಲ್ಲಿಸುವ ಕಿರುಪಟ್ಟಿ, ಅಂದರೆ ಫ್ಲ್ಯಾಗ್, ಎಷ್ಟು ನೇರ ಎಂಬ ಎರಡನ್ನು ಮೊದಲು ನೋಡಬೇಕು.

ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: 1.2 ಮೀಟರ್ ಉದ್ದದ ಅಲ್ಯುಮಿನಿಯಂ ಹಳಿ, ಅದರ ಅಂಚಿಗೆ ಮಿಲಿಮೀಟರ್ ಪಟ್ಟಿ, ತಲಾ 500 ಗ್ರಾಂನ ಎರಡು ಟ್ರಾಲಿ, ಮೇಲೆ ಹೇರಲು ತೂಕದ ಪಟ್ಟಿಗಳು, ಎರಡು ಫೋಟೋಗೇಟ್, ಒಂದು ಟೈಮರ್, ಹಳಿಯ ತುದಿಗೆ ಸಿಕ್ಕಿಸುವ ರಾಟೆ, ದಾರ, ಕೊಕ್ಕೆ ಇರುವ 50 ಗ್ರಾಂ ತೂಕ, ಟ್ರಾಲಿಯನ್ನು ಚಿಮ್ಮಿಸುವ ಸ್ಪ್ರಿಂಗ್ ಲಾಂಚರ್. ಸ್ವಲ್ಪ ದೊಡ್ಡ ಪೆಟ್ಟಿಗೆಯಾದರೆ ಜೇಡಿಮಣ್ಣಿನ ತಟ್ಟೆ, 25 ಮಿ.ಮೀ. ವ್ಯಾಸದ ಒಂದು ಉಕ್ಕಿನ ಗುಂಡು, ಅದೇ ಗಾತ್ರದ ಅಲ್ಯುಮಿನಿಯಂ ಗುಂಡು ಕೂಡ ಬರುತ್ತವೆ. ಆ ಎರಡು ಗುಂಡುಗಳೇ ಇಡೀ ಪೆಟ್ಟಿಗೆಯಲ್ಲಿ ನಮಗೆ ಹೆಚ್ಚು ಬೆಲೆಬಾಳುವ ವಸ್ತು ಎನಿಸುತ್ತವೆ. ಅವುಗಳ ವಿಷಯ ಮುಂದೆ ಬರುತ್ತದೆ.

ಮುಖ್ಯ ಪ್ರಯೋಗ: ಬೀಳುವ ತೂಕ ಎಳೆಯುವ ಟ್ರಾಲಿ

ಟ್ರಾಲಿಗೆ ದಾರ ಕಟ್ಟಿ, ರಾಟೆಯ ಮೇಲಿಂದ ಇಳಿಬಿಟ್ಟು, ತುದಿಗೆ 50 ಗ್ರಾಂ ತೂಕ ತೂಗುಹಾಕುವುದು. ತೂಕ ಕೆಳಗಿಳಿಯುತ್ತಾ ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ಟ್ರಾಲಿಗೂ ತೂಕಕ್ಕೂ ಚಲನಶಕ್ತಿಯಾಗಿ ಸೇರುತ್ತದೆ. ಎಷ್ಟು ಶಕ್ತಿ ಕೊಟ್ಟೆವು ಎಂಬುದು ಇಳಿದ ಎತ್ತರದಿಂದಲೇ ತಿಳಿಯುತ್ತದೆ, ಅದಕ್ಕೆ ವೇಗದ ಸೂತ್ರ ಬೇಕಿಲ್ಲ. ಈ ಪ್ರಯೋಗದ ಬಲ ಇರುವುದು ಇಲ್ಲಿಯೇ. ಶಕ್ತಿಯನ್ನು ಒಂದು ದಾರಿಯಿಂದ, ವೇಗವನ್ನು ಇನ್ನೊಂದು ದಾರಿಯಿಂದ ಅಳೆದು, ಎರಡನ್ನೂ ಎದುರುಬದುರು ಇಟ್ಟು ನೋಡಬಹುದು.

15 ಸೆಂ.ಮೀ. ಇಳಿದರೆ 0.05 × 9.8 × 0.15, ಅಂದರೆ 0.0735 ಜೂಲ್. ಚಲಿಸುತ್ತಿರುವ ಒಟ್ಟು ರಾಶಿ 550 ಗ್ರಾಂ. ಘರ್ಷಣೆಯೇ ಇಲ್ಲದಿದ್ದರೆ ವೇಗ ಸೆಕೆಂಡಿಗೆ 0.517 ಮೀಟರ್ ಬರಬೇಕು. 30 ಸೆಂ.ಮೀ.ಗೆ 0.731, 45 ಸೆಂ.ಮೀ.ಗೆ 0.895, 60 ಸೆಂ.ಮೀ.ಗೆ 1.034. ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ: ವೇಗ ಸರಿಯಾಗಿ ಎರಡು ಪಟ್ಟಾಗಲು ತೂಕ ನಾಲ್ಕು ಪಟ್ಟು ದೂರ ಇಳಿಯಬೇಕಾಯಿತು. 15ರಿಂದ 30ಕ್ಕೆ ಎತ್ತರ ಇಮ್ಮಡಿಯಾದಾಗ ವೇಗ ಹೆಚ್ಚಿದ್ದು 1.41 ಪಟ್ಟು ಮಾತ್ರ. ಕೈಯಲ್ಲಿ ಈ ನಾಲ್ಕು ಅಂಕಿ ಇದ್ದರೆ ಸಾಕು, ಬೇರೆ ಭಾಷಣ ಬೇಡ.

ಈಗ ಎಲ್ಲಿ ಎಡವುತ್ತಾರೆ ಎಂಬುದು. ಗೇಟನ್ನು ಹಳಿಯ ಮೇಲೆ ಎಲ್ಲೋ ಒಂದು ಕಡೆ ನಿಲ್ಲಿಸಿಬಿಡುತ್ತಾರೆ. ತೂಕ ಇನ್ನೂ ಇಳಿಯುತ್ತಿರುವಾಗಲೇ ಫ್ಲ್ಯಾಗ್ ಗೇಟಿನೊಳಗೆ ಹಾದುಹೋದರೆ ಟ್ರಾಲಿ ಇನ್ನೂ ವೇಗ ಕೂಡಿಸಿಕೊಳ್ಳುತ್ತಿರುತ್ತದೆ. ಸಿಕ್ಕ ವೇಗ ಯಾವ ಎತ್ತರಕ್ಕೆ ಸೇರಿದ್ದು ಎಂದು ಹೇಳಲಾಗುವುದಿಲ್ಲ. ಕ್ರಮ ಹೀಗಿರಲಿ: ನೆಲದ ಮೇಲೆ ಸ್ಪಂಜಿನ ತುಂಡು ಇಡಿ. ತೂಕ ಸ್ಪಂಜಿಗೆ ತಾಗಿದ ಕ್ಷಣದಲ್ಲಿ ಫ್ಲ್ಯಾಗ್ ಎಲ್ಲಿರುತ್ತದೆ ಎಂದು ಟ್ರಾಲಿಯನ್ನು ಕೈಯಲ್ಲಿ ಹಿಡಿದೇ ನಡೆಸಿ ಗುರುತು ಮಾಡಿ. ಗೇಟನ್ನು ಆ ಗುರುತಿನಿಂದ 5 ಸೆಂ.ಮೀ. ಮುಂದೆ ನಿಲ್ಲಿಸಿ. ಆಗ ಫ್ಲ್ಯಾಗ್ ಹಾಯುವ ಹೊತ್ತಿಗೆ ದಾರ ಸಡಿಲವಾಗಿರುತ್ತದೆ, ಟ್ರಾಲಿ ಇದ್ದ ವೇಗದಲ್ಲೇ ಸಾಗುತ್ತಿರುತ್ತದೆ. ಗೇಟು ಇನ್ನೂ ಬಹಳ ಮುಂದಿದ್ದರೆ ಘರ್ಷಣೆ ಅಷ್ಟು ವೇಗ ತಿಂದುಹಾಕುತ್ತದೆ. ಎತ್ತರ ಬದಲಾಯಿಸುವಾಗ ಗೇಟು ಮತ್ತು ಸ್ಪಂಜು ಇದ್ದಲ್ಲೇ ಇರಲಿ, ಟ್ರಾಲಿ ಬಿಡುವ ಜಾಗವನ್ನಷ್ಟೇ ಹಿಂದಕ್ಕೆ ಸರಿಸಿ.

ಇನ್ನೊಂದು ತಪ್ಪು ಲೆಕ್ಕದಲ್ಲಿ. ಅರ್ಧ ರಾಶಿ ವೇಗವರ್ಗ ಎಂದು ಬರೆಯುವಾಗ ಟ್ರಾಲಿಯ 500 ಗ್ರಾಂ ಮಾತ್ರ ಹಾಕುತ್ತಾರೆ. ತೂಗುವ 50 ಗ್ರಾಂ ಕೂಡ ಅದೇ ವೇಗದಲ್ಲಿ ಬೀಳುತ್ತಿತ್ತು, ಅದರ ಪಾಲನ್ನೂ ಸೇರಿಸಬೇಕು. ಬಿಟ್ಟರೆ ಶೇ. 9ರಷ್ಟು ಶಕ್ತಿ ಲೆಕ್ಕದಲ್ಲಿ ಕಾಣೆಯಾಗುತ್ತದೆ, ಅಷ್ಟನ್ನೂ ಘರ್ಷಣೆಯ ತಲೆಗೆ ಕಟ್ಟಿ ವರದಿ ಮುಗಿಸುತ್ತಾರೆ. ಹಾಗೆಯೇ ಚಕ್ರಗಳು. ನಾಲ್ಕು ಚಕ್ರ ತಲಾ 10 ಗ್ರಾಂ ತೂಗುವ ಗಟ್ಟಿ ಬಿಲ್ಲೆಗಳಾದರೆ, ಉರುಳುವಾಗ ಅವುಗಳ ತಿರುಗಾಟಕ್ಕೆ ಹೋಗುವ ಶಕ್ತಿ ಟ್ರಾಲಿಯ ಮೇಲೆ ಇನ್ನೂ 20 ಗ್ರಾಂ ಹೇರಿದ್ದಕ್ಕೆ ಸಮ. 500ರಲ್ಲಿ 20, ಅಂದರೆ ಶೇ. 4. ಭಾರದ ಲೋಹದ ಚಕ್ರ ಹಾಕಿದ ಟ್ರಾಲಿ ನೋಡಲು ಗಟ್ಟಿಮುಟ್ಟಾಗಿ ಕಾಣಬಹುದು, ಈ ಕೆಲಸಕ್ಕೆ ಹಗುರ ಪ್ಲಾಸ್ಟಿಕ್ ಚಕ್ರವೇ ಮೇಲು.

ಘರ್ಷಣೆಯ ವಿಷಯದಲ್ಲಿ ಕೈಪಿಡಿಗಳು ಹೇಳದ ಒಂದು ಸಂಗತಿ ಇದೆ, ಅದು ಬಹಳ ಉಪಯೋಗದ್ದು. ಘರ್ಷಣೆಯ ಬಲ ಎಲ್ಲೆಡೆ ಒಂದೇ ಆಗಿದ್ದರೆ ಅದು ನುಂಗುವ ಶಕ್ತಿ ಟ್ರಾಲಿ ಸಾಗಿದ ದೂರಕ್ಕೆ ತಕ್ಕಷ್ಟು. ತೂಕ ಕೊಡುವ ಶಕ್ತಿಯೂ ಅದೇ ದೂರಕ್ಕೆ ತಕ್ಕಷ್ಟು. ಎಳೆಯುವ ಬಲ 0.49 ನ್ಯೂಟನ್, ಘರ್ಷಣೆ 0.03 ನ್ಯೂಟನ್ ಎಂದಿಟ್ಟುಕೊಂಡರೆ, 15 ಸೆಂ.ಮೀ. ಇಳಿದರೂ 60 ಸೆಂ.ಮೀ. ಇಳಿದರೂ ನಷ್ಟ ಅದೇ ಶೇ. 6. ಆದ್ದರಿಂದ ಶಕ್ತಿಯನ್ನು ಒಂದು ಅಕ್ಷದಲ್ಲಿ, ವೇಗದ ವರ್ಗವನ್ನು ಇನ್ನೊಂದು ಅಕ್ಷದಲ್ಲಿ ಇಟ್ಟು ಗ್ರಾಫ್ ಎಳೆದರೆ ಘರ್ಷಣೆ ಇದ್ದರೂ ಗೆರೆ ನೇರವಾಗಿಯೇ, ಮೂಲಬಿಂದುವಿನ ಮೂಲಕವೇ ಹೋಗುತ್ತದೆ. ಬದಲಾಗುವುದು ಸ್ಲೋಪ್, ಅಂದರೆ ಗೆರೆಯ ಓರೆ, ಮಾತ್ರ. ಘರ್ಷಣೆ ಇಲ್ಲದಿದ್ದರೆ ಅದು ಒಟ್ಟು ರಾಶಿಯ ಅರ್ಧ, 0.275 ಕಿ.ಗ್ರಾಂ.; ಶೇ. 6 ನಷ್ಟವಿದ್ದರೆ ಸುಮಾರು 0.293. ಅಂದರೆ ವೇಗದ ಜೊತೆಗಿನ ವರ್ಗದ ಸಂಬಂಧವನ್ನು ತೋರಿಸಲು ಘರ್ಷಣೆಯಿಲ್ಲದ ದುಬಾರಿ ಹಳಿ ಬೇಡವೇ ಬೇಡ. ಆ ಅರ್ಧ ಎಂಬ ಅಂಶವನ್ನು ಪಕ್ಕಾ ಮಾಡಬೇಕಾದಾಗ ಮಾತ್ರ ಘರ್ಷಣೆಯನ್ನು ಸರಿದೂಗಿಸಬೇಕು.

ಸರಿದೂಗಿಸುವುದು ಹೀಗೆ. ಹಳಿಯ ರಾಟೆಯಿಲ್ಲದ ಕಡೆಯ ಕಾಲಿನ ತಿರುಪನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಎರಡೂ ಗೇಟುಗಳನ್ನು 60 ಸೆಂ.ಮೀ. ಅಂತರದಲ್ಲಿ ನಿಲ್ಲಿಸಿ. ದಾರ ಬಿಚ್ಚಿ, ಟ್ರಾಲಿಯನ್ನು ಮೆಲ್ಲನೆ ತಳ್ಳಿ ಬಿಡಿ. ಎರಡು ಗೇಟುಗಳೂ ತೋರಿಸುವ ಸಮಯ ಶೇ. 1ರೊಳಗೆ ಸಮನಾದರೆ ಇಳಿಜಾರು ಸಾಕು. ಮುಂದಿನ ಗೇಟಿನ ಸಮಯ ಕಡಿಮೆ ಬಂದರೆ ಇಳಿಜಾರು ಹೆಚ್ಚಾಯಿತು, ಹೆಚ್ಚು ಬಂದರೆ ಸಾಲದು. ಟ್ರಾಲಿಯ ಮೇಲೆ ತೂಕ ಹೇರಿದಾಗ ಮತ್ತೆ ಮಾಡಬೇಕೇ? ಉರುಳುವ ಘರ್ಷಣೆ ಹೆಚ್ಚುಕಡಿಮೆ ಭಾರಕ್ಕೆ ತಕ್ಕಂತೆ ಏರುವುದರಿಂದ ಅದೇ ಇಳಿಜಾರು ನಡೆಯುತ್ತದೆ, ಒಮ್ಮೆ ತಳ್ಳಿ ನೋಡಿಕೊಂಡರೆ ಸಾಕು.

ತೂಕ ಹೇರಿ ನೋಡುವ ಭಾಗವನ್ನು ಬೇಗ ಮುಗಿಸಬಹುದು. ಚಲಿಸುವ ಒಟ್ಟು ರಾಶಿಯನ್ನು 550ರಿಂದ 1100 ಗ್ರಾಂಗೆ ಏರಿಸಿ, ಅದೇ 60 ಸೆಂ.ಮೀ. ಇಳಿಸಿ. ವೇಗ 1.034ರಿಂದ 0.731ಕ್ಕೆ ಇಳಿಯುತ್ತದೆ, ಶಕ್ತಿ ಅಷ್ಟೇ ಇರುತ್ತದೆ. ವೇಗ ಅಷ್ಟೇ ಇದ್ದು ರಾಶಿ ಇಮ್ಮಡಿಯಾದರೆ ಶಕ್ತಿ ಬರೀ ಇಮ್ಮಡಿ, ವೇಗದಂತೆ ನಾಲ್ಕು ಪಟ್ಟಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಫೋಟೋಗೇಟ್ ಮತ್ತು ಫ್ಲ್ಯಾಗ್: ಕಿಟ್ ಗೆಲ್ಲುವುದೂ ಸೋಲುವುದೂ ಇಲ್ಲೇ

ಫೋಟೋಗೇಟಿನ ಒಂದು ಕಾಲಿನಿಂದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಹೊರಟು ಇನ್ನೊಂದು ಕಾಲಿಗೆ ಬೀಳುತ್ತದೆ. ಫ್ಲ್ಯಾಗ್ ಅದನ್ನು ಎಷ್ಟು ಹೊತ್ತು ತಡೆಯಿತು ಎಂಬುದನ್ನು ಟೈಮರ್ ಎಣಿಸುತ್ತದೆ. ಫ್ಲ್ಯಾಗಿನ ಅಗಲವನ್ನು ಆ ಹೊತ್ತಿನಿಂದ ಭಾಗಿಸಿದರೆ ವೇಗ. 10 ಮಿ.ಮೀ. ಫ್ಲ್ಯಾಗ್ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹಾದರೆ ತಡೆಯುವುದು 10 ಮಿಲಿಸೆಕೆಂಡ್ ಮಾತ್ರ. ಕಡಿಮೆ ದರ್ಜೆಯ ಟೈಮರ್ 1 ಮಿಲಿಸೆಕೆಂಡಿಗಿಂತ ಸೂಕ್ಷ್ಮವಾಗಿ ಎಣಿಸುವುದಿಲ್ಲ. ಆಗ ವೇಗದಲ್ಲಿ ಶೇ. 10, ಶಕ್ತಿಯಲ್ಲಿ ಶೇ. 20 ಅತ್ತಿತ್ತ. ಇನ್ನೂ ಕೆಟ್ಟದ್ದೆಂದರೆ ವೇಗ ಹೆಚ್ಚಿದಷ್ಟೂ ತಪ್ಪೂ ಹೆಚ್ಚುತ್ತದೆ, ಹೀಗಾಗಿ ಗ್ರಾಫಿನ ಮೇಲಿನ ತುದಿ ಚೆದುರಿಹೋಗುತ್ತದೆ. ವರ್ಗದ ಸಂಬಂಧ ಚೆನ್ನಾಗಿ ಕಾಣಬೇಕಾದ್ದು ಆ ತುದಿಯಲ್ಲೇ. 0.1 ಮಿಲಿಸೆಕೆಂಡ್ ಎಣಿಸುವ ಟೈಮರ್ ಇದ್ದರೆ ಶಕ್ತಿಯ ತಪ್ಪು ಶೇ. 2ಕ್ಕೆ ಇಳಿಯುತ್ತದೆ. ಕೊಳ್ಳುವ ಮುಂಚೆ ಮಾರುವವರನ್ನು ಕೇಳಬೇಕಾದ ಮೊದಲ ಮಾತು ಇದು. ಈಗಾಗಲೇ 1 ಮಿಲಿಸೆಕೆಂಡ್ ಟೈಮರ್ ಇದ್ದರೆ 50 ಮಿ.ಮೀ. ಅಗಲದ ರಟ್ಟಿನ ಫ್ಲ್ಯಾಗ್ ಮಾಡಿಕೊಳ್ಳಿ. ತಡೆಯುವ ಹೊತ್ತು 50 ಮಿಲಿಸೆಕೆಂಡ್ ಆಗುತ್ತದೆ, ವೇಗದ ತಪ್ಪು ಶೇ. 2ಕ್ಕೆ ಬರುತ್ತದೆ. ಅಗಲದ ಫ್ಲ್ಯಾಗ್ ಹಾಕುವಾಗ ಟ್ರಾಲಿ ಸಮವೇಗದಲ್ಲಿರಬೇಕು. ಮೇಲೆ ಹೇಳಿದಂತೆ ತೂಕ ನೆಲ ಮುಟ್ಟಿದ ಮೇಲೆ ಅಳೆಯುತ್ತಿದ್ದರೆ ಆ ಚಿಂತೆ ಇಲ್ಲ.

ಫ್ಲ್ಯಾಗಿನ ಅಗಲವನ್ನು ಸ್ಕೇಲಿನಿಂದ ಅಳೆದು ಅದನ್ನೇ ನಂಬುವುದು ಇನ್ನೊಂದು ತಪ್ಪು. ಬೆಳಕಿನ ಕಿರಣಕ್ಕೂ ಒಂದು ದಪ್ಪವಿದೆ, ಗೇಟು ಯಾವ ಹಂತದಲ್ಲಿ ‘ತಡೆಯಾಯಿತು’ ಎಂದು ತೀರ್ಮಾನಿಸುತ್ತದೆ ಎಂಬುದು ಗೇಟಿನಿಂದ ಗೇಟಿಗೆ ಬೇರೆ. 10 ಮಿ.ಮೀ. ಫ್ಲ್ಯಾಗ್ ಗೇಟಿನ ಲೆಕ್ಕದಲ್ಲಿ 9.6 ಮಿ.ಮೀ. ಆಗಿದ್ದರೆ ಶಕ್ತಿ ಶೇ. 8ಕ್ಕೂ ಹೆಚ್ಚು ಮೇಲೆ ಹೋಗುತ್ತದೆ. ಇದಕ್ಕೆ ಪರಿಹಾರ ಗೇಟಿನ ಮೇಲಿನ ಪುಟ್ಟ ಕೆಂಪು ದೀಪದಲ್ಲೇ ಇದೆ. ಟ್ರಾಲಿಯನ್ನು ಕೈಯಿಂದ ಅತಿ ನಿಧಾನವಾಗಿ ಸರಿಸುತ್ತಾ ಹೋಗಿ. ದೀಪ ಹೊತ್ತಿದಾಗ ಹಳಿಯ ಪಟ್ಟಿಯ ಮೇಲೆ ಟ್ರಾಲಿಯ ಅಂಚು ಎಲ್ಲಿದೆ, ಆರಿದಾಗ ಎಲ್ಲಿದೆ ಎಂದು ಬರೆದುಕೊಳ್ಳಿ. ಎರಡರ ನಡುವಿನ ದೂರವೇ ಗೇಟಿನ ಕಣ್ಣಿಗೆ ಕಾಣುವ ಅಗಲ. ಲೆಕ್ಕಕ್ಕೆ ಅದನ್ನೇ ಹಾಕಿ. ಅಗಲದ ಫ್ಲ್ಯಾಗಿನಲ್ಲಿ ಈ ಅಳತೆ ಇನ್ನೂ ಚೊಕ್ಕವಾಗಿ ಸಿಗುತ್ತದೆ.

ಫ್ಲ್ಯಾಗ್ ಓರೆಯಾಗಿ ನಿಂತರೂ ಇದೇ ಕಥೆ. 15 ಡಿಗ್ರಿ ತಿರುಗಿದ್ದರೆ ಕಿರಣವನ್ನು ಅಡ್ಡಗಟ್ಟುವ ಅಗಲ ಶೇ. 3.4 ಕಡಿಮೆಯಾಗುತ್ತದೆ, ಶಕ್ತಿ ಶೇ. 7ರಷ್ಟು ಹೆಚ್ಚಾಗಿ ತೋರುತ್ತದೆ. ಹಲವು ಕಿಟ್‌ಗಳಲ್ಲಿ ಫ್ಲ್ಯಾಗ್ ಬರೀ ಒಂದು ಸೀಳಿನಲ್ಲಿ ನಿಂತಿರುತ್ತದೆ, ನಾಲ್ಕು ಸಲ ಟ್ರಾಲಿ ತುದಿಗೆ ಬಡಿದರೆ ತಾನೇ ತಿರುಗಿಬಿಡುತ್ತದೆ. ಎರಡು ತಿರುಪಿನಿಂದ ಬಿಗಿಯುವ ಫ್ಲ್ಯಾಗ್ ಇರುವ ಟ್ರಾಲಿ ಸಿಕ್ಕರೆ ಕಣ್ಣುಮುಚ್ಚಿ ಅದನ್ನೇ ಆರಿಸಿ.

ಕಿಟಕಿಯಿಂದ ನೇರ ಬಿಸಿಲು ಬೀಳುವ ಮೇಜಿನ ಮೇಲೆ ಗೇಟು ಕೆಲವೊಮ್ಮೆ ಏನನ್ನೂ ಎಣಿಸುವುದಿಲ್ಲ. ಅದು ಕೆಟ್ಟಿಲ್ಲ. ಬಿಸಿಲಿನಲ್ಲೂ ಅವಕೆಂಪು ಕಿರಣ ಇರುವುದರಿಂದ ಫ್ಲ್ಯಾಗ್ ಅಡ್ಡ ಬಂದರೂ ಬೆಳಕು ಬೀಳುತ್ತಲೇ ಇದೆ ಎಂದು ಅದು ತಿಳಿಯುತ್ತದೆ. ಬೆಳಕು ಹಿಡಿಯುವ ಕಾಲು ಬಿಸಿಲಿಗೆ ಬೆನ್ನು ಮಾಡುವಂತೆ ತಿರುಗಿಸಿದರೆ ಸರಿಹೋಗುತ್ತದೆ.

ಟೈಮರಿನಲ್ಲಿ ಎರಡು ಮೋಡ್ ಇರುತ್ತವೆ. ಒಂದು, ಫ್ಲ್ಯಾಗ್ ಒಂದು ಗೇಟನ್ನು ಎಷ್ಟು ಹೊತ್ತು ತಡೆಯಿತು ಎಂದು ಎಣಿಸುವುದು. ಇನ್ನೊಂದು, ಮೊದಲ ಗೇಟಿನಿಂದ ಎರಡನೇ ಗೇಟಿಗೆ ಬರಲು ಹಿಡಿದ ಹೊತ್ತು ಎಣಿಸುವುದು. ಎರಡನೆಯದು ಸಮವೇಗಕ್ಕೆ ಸರಿ. ನಿಂತಲ್ಲಿಂದ ಸಮನಾಗಿ ವೇಗ ಹೆಚ್ಚಿಸಿಕೊಳ್ಳುವ ಟ್ರಾಲಿಗೆ ಇದನ್ನು ಬಳಸಿದರೆ ಸಿಗುವುದು ಸರಾಸರಿ ವೇಗ, ಅದು ಕೊನೆಯ ವೇಗದ ಅರ್ಧ. ಅರ್ಧವನ್ನು ವರ್ಗ ಮಾಡಿದರೆ ಕಾಲು. ಶಕ್ತಿ ಮುಕ್ಕಾಲು ಪಾಲು ಎಲ್ಲಿ ಹೋಯಿತು ಎಂದು ತಲೆಕೆಡಿಸಿಕೊಳ್ಳುವ ಮುಂಚೆ ಮೋಡ್ ಯಾವುದರಲ್ಲಿದೆ ನೋಡಿ. ಇದು ಪತ್ತೆಯಾಗದೆ ಉಳಿಯಲು ಕಾರಣವೂ ಇದೆ: ಎಲ್ಲ ಅಳತೆಗಳೂ ಒಂದೇ ಸಮ ಕಾಲು ಭಾಗಕ್ಕಿಳಿದಿರುವುದರಿಂದ ಗ್ರಾಫ್ ನೇರವಾಗಿಯೇ ಬರುತ್ತದೆ. ಸ್ಲೋಪನ್ನು ತಕ್ಕಡಿಯ ರಾಶಿಯೊಂದಿಗೆ ಹೋಲಿಸಿದಾಗ ಮಾತ್ರ ಸಿಕ್ಕಿಬೀಳುತ್ತದೆ. ಹಾಗಾಗಿ ಆ ಹೋಲಿಕೆಯನ್ನು ಎಂದೂ ಬಿಡಬಾರದು.

ಸ್ಪ್ರಿಂಗ್ ಲಾಂಚರ್ ಮತ್ತು ಮರದ ದಿಮ್ಮಿ

ಸ್ಪ್ರಿಂಗ್ ಲಾಂಚರ್ ಚೆನ್ನಾಗಿದೆ, ಆದರೆ ಎಚ್ಚರದಿಂದ ಬಳಸಬೇಕು. ಸ್ಪ್ರಿಂಗ್ ಒತ್ತಿದಾಗ ಅದರಲ್ಲಿ ಸೇರುವ ಶಕ್ತಿಯೂ ಒತ್ತಿದ ದೂರದ ವರ್ಗಕ್ಕೆ ತಕ್ಕಷ್ಟು. ಆದ್ದರಿಂದ 1, 2, 3 ಸೆಂ.ಮೀ. ಒತ್ತಿದರೆ ವೇಗ ಒಂದು, ಎರಡು, ಮೂರು ಪಟ್ಟಾಗುತ್ತದೆ. ಎರಡು ಕಡೆಯೂ ವರ್ಗವಿರುವುದರಿಂದ ಒತ್ತಿದ ದೂರ ಮತ್ತು ವೇಗದ ನಡುವೆ ನೇರ ಸಂಬಂಧ ಕಾಣುತ್ತದೆ. ಮೊದಲ ಪಾಠವಾಗಿ ಇದನ್ನೇ ತೋರಿಸಿದರೆ ಕಲಿಯುವವರು ‘ಶಕ್ತಿ ವೇಗಕ್ಕೆ ಸಮಾನುಪಾತ’ ಎಂಬ ಹಳೆಯ ತಪ್ಪನ್ನೇ ಗಟ್ಟಿಮಾಡಿಕೊಳ್ಳುತ್ತಾರೆ. ಬೀಳುವ ತೂಕದ ಪ್ರಯೋಗ ಆದ ಮೇಲೆ ಇದನ್ನು ತೆಗೆಯಿರಿ. ಅಲ್ಲದೆ ಹಲವು ಲಾಂಚರ್‌ಗಳಲ್ಲಿ ಸ್ಪ್ರಿಂಗನ್ನು ಜೋಡಿಸುವಾಗಲೇ ತುಸು ಒತ್ತಿಟ್ಟಿರುತ್ತಾರೆ. ಹಾಗಿದ್ದರೆ ವೇಗ 1:2:3 ಬರುವುದಿಲ್ಲ, 1 ಸೆಂ.ಮೀ. ಒತ್ತಿದಾಗಲೇ ನಿರೀಕ್ಷೆಗಿಂತ ಹೆಚ್ಚು ಬರುತ್ತದೆ. ಇದು ಕೊಳ್ಳುವಾಗ ಹೊರಗಿನಿಂದ ಗೊತ್ತಾಗದ ದೋಷ.

ಟ್ರಾಲಿ ಹೋಗಿ ಮರದ ದಿಮ್ಮಿಗೆ ಗುದ್ದಿ ಅದನ್ನು ಎಷ್ಟು ದೂರ ತಳ್ಳುತ್ತದೆ ಎಂದು ನೋಡುವ ಪ್ರಯೋಗ ಕಣ್ಣಿಗೆ ಹಬ್ಬ. ವೇಗ ಇಮ್ಮಡಿಯಾದರೆ ದಿಮ್ಮಿ ನಾಲ್ಕು ಪಟ್ಟು ದೂರ ಜಾರುತ್ತದೆ. ಆದರೆ ಜೂಲ್ ಲೆಕ್ಕ ಹಾಕಲು ಹೋಗಬೇಡಿ. 500 ಗ್ರಾಂ ಟ್ರಾಲಿ 500 ಗ್ರಾಂ ದಿಮ್ಮಿಗೆ ಗುದ್ದಿ ಅಂಟಿಕೊಂಡು ಸಾಗಿದರೆ ಗುದ್ದಿದ ಕ್ಷಣದಲ್ಲೇ ಅರ್ಧ ಚಲನಶಕ್ತಿ ಶಾಖ, ಸದ್ದು ಇತ್ಯಾದಿಯಾಗಿ ಹೋಗಿರುತ್ತದೆ. ಎಲ್ಲ ವೇಗದಲ್ಲೂ ಅದೇ ಅರ್ಧ ಹೋಗುವುದರಿಂದ ಅನುಪಾತ ಮಾತ್ರ ಕೆಡುವುದಿಲ್ಲ. ಗುದ್ದಿದ ಮೇಲೆ ಟ್ರಾಲಿ ಹಿಂದಕ್ಕೆ ಪುಟಿಯದಂತೆ ದಿಮ್ಮಿಗೆ ವೆಲ್ಕ್ರೋ ಅಂಟಿಸಿಕೊಳ್ಳಿ.

ಜೇಡಿಮಣ್ಣು ಮತ್ತು ಎರಡು ಗುಂಡು

ಇದು ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ, ಕೈಪಿಡಿಯಲ್ಲಿ ಚಿಕ್ಕ ಜಾಗ ಪಡೆದಿರುವ ಭಾಗ. ನಿಜಕ್ಕೂ ಇಡೀ ವಿಷಯದ ಬೇರು ಇಲ್ಲಿದೆ. ಚಲಿಸುವ ವಸ್ತುವಿನ ‘ಬಲ’ವನ್ನು ರಾಶಿ ಗುಣಿಸು ವೇಗ ಎಂದು ಅಳೆಯಬೇಕೋ, ರಾಶಿ ಗುಣಿಸು ವೇಗದ ವರ್ಗ ಎಂದು ಅಳೆಯಬೇಕೋ ಎಂಬ ಜಗಳವನ್ನು 1686ರಲ್ಲಿ ಜರ್ಮನಿಯ ಗಣಿತಜ್ಞ, ತತ್ವಜ್ಞಾನಿ ಲೈಬ್ನಿಟ್ಸ್ ಎಬ್ಬಿಸಿದ. 1720ರ ದಶಕದಲ್ಲಿ ಡಚ್ ವಿಜ್ಞಾನಿ ವಿಲ್ಲೆಮ್ ಗ್ರಾವೆಸಾಂಡೆ ಒಂದೇ ಗಾತ್ರದ, ಬೇರೆ ಬೇರೆ ರಾಶಿಯ ಹಿತ್ತಾಳೆ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ಗುಳಿಗಳನ್ನು ಹೋಲಿಸಿದ. 1740ರ ತಮ್ಮ ಪುಸ್ತಕದಲ್ಲಿ ಫ್ರಾನ್ಸಿನ ಎಮಿಲಿ ದು ಶಾತ್ಲೆ ವರ್ಗದ ಪರವಾಗಿಯೇ ವಾದಿಸಿದರು. ಸೂತ್ರದ ಮೊದಲಲ್ಲಿರುವ ಆ ‘ಅರ್ಧ’ ಸೇರಿದ್ದು ಫ್ರೆಂಚ್ ವಿಜ್ಞಾನಿ ಕೊರಿಯೊಲಿಸ್‌ನ 1829ರ ಬರವಣಿಗೆಯಲ್ಲಿ.

ಕೈಪಿಡಿಯ ಪ್ರಯೋಗ ಹೀಗಿದೆ: ಉಕ್ಕಿನ ಗುಂಡನ್ನು 40 ಸೆಂ.ಮೀ. ಎತ್ತರದಿಂದಲೂ 160 ಸೆಂ.ಮೀ. ಎತ್ತರದಿಂದಲೂ ಬೀಳಿಸಿ, ಗುಳಿಯ ಆಳ ಅಳೆಯಿರಿ. ವೇಗ ಸೆಕೆಂಡಿಗೆ 2.8 ಮೀಟರ್ ಮತ್ತು 5.6 ಮೀಟರ್, ಸರಿಯಾಗಿ ಇಮ್ಮಡಿ. ಇಲ್ಲಿಯವರೆಗೆ ಒಳ್ಳೆಯದು. ಆದರೆ ಆಳ ಅಳೆಯಿರಿ ಎನ್ನುವುದು ದಾರಿ ತಪ್ಪಿಸುವ ಮಾತು. ಗುಂಡು ದುಂಡಗಿರುವುದರಿಂದ ಒಳಗೆ ಇಳಿದಷ್ಟೂ ಅಗಲವಾಗುತ್ತಾ ಹೋಗುತ್ತದೆ, ಮುಂದಿನ ಪ್ರತಿ ಮಿಲಿಮೀಟರಿಗೆ ಹೆಚ್ಚು ಹೆಚ್ಚು ಮಣ್ಣನ್ನು ತಳ್ಳಬೇಕಾಗುತ್ತದೆ. ಮಣ್ಣಿನ ಪ್ರತಿರೋಧದ ಒತ್ತಡ ಎಲ್ಲ ಆಳದಲ್ಲೂ ಒಂದೇ ಎಂದುಕೊಂಡರೆ ಶಕ್ತಿಗೆ ತಕ್ಕಂತೆ ಹೆಚ್ಚುವುದು ಗುಳಿಯ ಗಾತ್ರ, ಆಳವಲ್ಲ. ಮೊದಲ ಗುಳಿ 4 ಮಿ.ಮೀ. ಆಳವಿದ್ದರೆ ಅದರ ಗಾತ್ರ ಸುಮಾರು 0.56 ಮಿಲಿಲೀಟರ್. ನಾಲ್ಕು ಪಟ್ಟು ಗಾತ್ರದ ಗುಳಿಯ ಆಳ ಸುಮಾರು 8.6 ಮಿ.ಮೀ. ಮಾತ್ರ. ಆಳ ನೋಡಿದವರಿಗೆ ಕಂಡದ್ದು ಹೆಚ್ಚುಕಡಿಮೆ ಇಮ್ಮಡಿ! ವೇಗ ಇಮ್ಮಡಿ, ಆಳವೂ ಇಮ್ಮಡಿ, ಹಾಗಾದರೆ ಶಕ್ತಿಯೂ ಇಮ್ಮಡಿ ಎಂದು ತೀರ್ಮಾನಿಸಿದ ವಿದ್ಯಾರ್ಥಿಯ ತರ್ಕದಲ್ಲಿ ದೋಷವಿಲ್ಲ, ಕೊಟ್ಟ ಅಳತೆಯೇ ತಪ್ಪು. ಆಳ ಬಿಟ್ಟು ಗಾತ್ರ ಅಳೆಯಿರಿ. ಗುಳಿಗೆ ಸಿರಿಂಜಿನಿಂದ ಅಂಚಿನವರೆಗೆ ನೀರು ತುಂಬಿ, ಎಷ್ಟು ಹೋಯಿತು ನೋಡಿ. ನೀರು ಹೀರದ ಎಣ್ಣೆ ಜೇಡಿ ಇದಕ್ಕೆ ಸರಿ.

ಇದಕ್ಕಿಂತ ಅಚ್ಚುಕಟ್ಟಾದ ದಾರಿ ಇನ್ನೊಂದಿದೆ, ಗ್ರಾವೆಸಾಂಡೆ ಹಿಡಿದದ್ದೂ ಅದೇ: ಗುಳಿಗಳನ್ನು ಅಳೆಯದೆ, ಸಮ ಮಾಡುವುದು. 25 ಮಿ.ಮೀ. ಉಕ್ಕಿನ ಗುಂಡು ಸುಮಾರು 64 ಗ್ರಾಂ, ಅದೇ ಗಾತ್ರದ ಅಲ್ಯುಮಿನಿಯಂ ಗುಂಡು ಸುಮಾರು 22 ಗ್ರಾಂ. ರಾಶಿಯ ಅನುಪಾತ 2.9. ಉಕ್ಕನ್ನು 50 ಸೆಂ.ಮೀ.ನಿಂದ ಬೀಳಿಸಿ. ಅಲ್ಯುಮಿನಿಯಂ ಅದೇ ಗುಳಿ ಮಾಡಬೇಕಾದರೆ ಎಷ್ಟು ಎತ್ತರ ಬೇಕು? ಗುಳಿಯನ್ನು ನಿರ್ಧರಿಸುವುದು ರಾಶಿ ಗುಣಿಸು ವೇಗ, ಅಂದರೆ ಸಂವೇಗ ಎಂದಾದರೆ ಅಲ್ಯುಮಿನಿಯಂಗೆ 2.9 ಪಟ್ಟು ವೇಗ ಬೇಕು, ಅದಕ್ಕೆ ಸುಮಾರು 4.2 ಮೀಟರ್ ಎತ್ತರ. ರಾಶಿ ಗುಣಿಸು ವೇಗದ ವರ್ಗ ನಿರ್ಧರಿಸುವುದಾದರೆ 145 ಸೆಂ.ಮೀ. ಸಾಕು. 145 ಸೆಂ.ಮೀ.ನಿಂದ ಬೀಳಿಸಿ ನೋಡಿ: ಎರಡು ಗುಳಿಗಳೂ ಜೋಡಿಯಂತೆ ಬರುತ್ತವೆ. ಉಕ್ಕು ಬಂದದ್ದು ಸೆಕೆಂಡಿಗೆ 3.1 ಮೀಟರ್ ವೇಗದಲ್ಲಿ, ಅಲ್ಯುಮಿನಿಯಂ 5.3 ಮೀಟರ್ ವೇಗದಲ್ಲಿ. ಎರಡರ ಸಂವೇಗ ಬೇರೆ ಬೇರೆ, ಶಕ್ತಿ ಮಾತ್ರ ಒಂದೇ, ಸುಮಾರು 0.31 ಜೂಲ್. ಗುಳಿಯ ಆಕಾರ ಏನೇ ಇರಲಿ, ಮಣ್ಣು ಎಷ್ಟೇ ಮೆತ್ತಗಿರಲಿ, ಎರಡಕ್ಕೂ ಒಂದೇ ಮಣ್ಣು, ಒಂದೇ ಗಾತ್ರದ ಗುಂಡು ಆದ್ದರಿಂದ ತಕರಾರಿಗೆ ಎಡೆಯಿಲ್ಲ. ಟೈಮರ್ ಬೇಡ, ಗೇಟು ಬೇಡ, ವಿದ್ಯುತ್ತೂ ಬೇಡ. ಚಲನಶಕ್ತಿಯನ್ನು ತೋರಿಸಲು ಇದಕ್ಕಿಂತ ಸುಂದರವಾದ ಪ್ರಯೋಗ ಈ ಪೆಟ್ಟಿಗೆಯಲ್ಲಿ ಇನ್ನೊಂದಿಲ್ಲ.

ಮಾಡುವಾಗ ಕೆಲವು ಎಚ್ಚರಿಕೆ ಬೇಕು. ಮಣ್ಣಿನ ಪದರ 4 ಸೆಂ.ಮೀ.ಗಿಂತ ತೆಳುವಾಗಿದ್ದರೆ ತಟ್ಟೆಯ ತಳ ಅಡ್ಡಬರುತ್ತದೆ. ಚೆನ್ನಾಗಿ ನಾದಿ, ಗಾಳಿಗುಳ್ಳೆ ಉಳಿಯದಂತೆ ಒತ್ತಿ, ಮೇಲ್ಮೈಯನ್ನು ಸ್ಕೇಲಿನ ಅಂಚಿನಿಂದ ಸವರಿ ಸಮ ಮಾಡಿ. ಗುಳಿಗಳ ನಡುವೆಯೂ ತಟ್ಟೆಯ ಅಂಚಿನಿಂದಲೂ 5 ಸೆಂ.ಮೀ. ಬಿಡಿ, ಮೊದಲ ಗುಳಿಯ ಪಕ್ಕದ ಮಣ್ಣು ಆಗಲೇ ಉಬ್ಬಿರುತ್ತದೆ. ಕೈಯ ಬಿಸಿಗೂ ಮಣ್ಣು ಮೆದುವಾಗುತ್ತದೆ, ಆದ್ದರಿಂದ ನಾದಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಎರಡೂ ಗುಂಡುಗಳನ್ನು ಒಂದರ ಹಿಂದೆ ಒಂದರಂತೆ ಬೀಳಿಸಿ. ಎತ್ತರವನ್ನು ಮಣ್ಣಿನ ಮೇಲ್ಮೈಯಿಂದ ಗುಂಡಿನ ತಳಕ್ಕೆ ಅಳೆಯಬೇಕು, ನಡುಮಧ್ಯಕ್ಕಲ್ಲ. ಗುಂಡುಗಳಿಗೆ ಚಿಟಿಕೆ ಟಾಲ್ಕಂ ಪೌಡರ್ ಸವರಿದರೆ ಮಣ್ಣು ಅಂಟುವುದಿಲ್ಲ. ತೆಗೆಯುವಾಗ ಉಕ್ಕಿನದನ್ನು ಅಯಸ್ಕಾಂತದಿಂದ ಮೇಲೆತ್ತಬಹುದು. ಅಲ್ಯುಮಿನಿಯಂಗೆ ಅಯಸ್ಕಾಂತ ನಡೆಯದು, ಮೇಲೆ ತುಂಡು ಟೇಪ್ ಅಂಟಿಸಿ ನೇರವಾಗಿ ಎಳೆಯಿರಿ. ಗುಳಿಯ ಬಾಯಿಯ ವ್ಯಾಸವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಎರಡು ದಿಕ್ಕಿನಲ್ಲಿ ಅಳೆದು ಹೋಲಿಸಿ.

ಆ್ಯಪ್, ಕೈಪಿಡಿ, ನಿರ್ವಹಣೆ

ಜೊತೆಗೆ ಬರುವ ಆ್ಯಪ್ ಗೇಟಿನ ಸಮಯ ಪಡೆದು ನೇರವಾಗಿ ‘ಚಲನಶಕ್ತಿ ಇಷ್ಟು ಜೂಲ್’ ಎಂದು ತೋರಿಸುತ್ತದೆ. ಆ ಆಯ್ಕೆಯನ್ನು ಮುಚ್ಚಿಬಿಡಿ. ಸೂತ್ರವನ್ನು ಆ್ಯಪ್ ಮೊದಲೇ ಒಳಗಿಟ್ಟುಕೊಂಡಿದೆ. ಅದು ತೋರಿಸುವ ಜೂಲನ್ನು ವೇಗದ ಎದುರು ಗ್ರಾಫ್ ಮಾಡಿದರೆ ಬರುವ ವಕ್ರರೇಖೆ ಸೂತ್ರದ್ದು, ಪ್ರಯೋಗದ್ದಲ್ಲ. ಆ್ಯಪಿನಿಂದ ಸಮಯ ಮಾತ್ರ ತೆಗೆದುಕೊಂಡು, ಶಕ್ತಿಯನ್ನು ಇಳಿದ ಎತ್ತರದಿಂದ ಲೆಕ್ಕ ಹಾಕಿದರೆ ಮಾತ್ರ ಇದು ಪ್ರಯೋಗ.

ಕೈಪಿಡಿಯಲ್ಲಿ ವಾಹನದ ಬ್ರೇಕ್ ದೂರದ ಪುಟ ಚೆನ್ನಾಗಿದೆ, ಆದರೆ ಅರ್ಧಕ್ಕೆ ನಿಂತಿದೆ. ಒಣ ರಸ್ತೆಯಲ್ಲಿ ಘರ್ಷಣೆಯ ಗುಣಾಂಕ 0.7 ಎಂದಿಟ್ಟುಕೊಂಡರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು 9 ಮೀಟರ್, 80ರಲ್ಲಿ 36 ಮೀಟರ್. ನಾಲ್ಕು ಪಟ್ಟು. ಆದರೆ ಚಾಲಕ ಅಪಾಯ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೆ ಆ ಹೊತ್ತಿನಲ್ಲೇ ವಾಹನ 11 ಮತ್ತು 22 ಮೀಟರ್ ಸಾಗಿರುತ್ತದೆ. ಅದು ಬರೀ ಎರಡು ಪಟ್ಟು. ಒಟ್ಟು ದೂರ 20 ಮತ್ತು 58 ಮೀಟರ್, ಅಂದರೆ 2.9 ಪಟ್ಟು. ‘ನಾಲ್ಕು ಪಟ್ಟು ಎಂದಿರಿ, ವಾಹನ ನಿಲ್ಲುವ ಒಟ್ಟು ದೂರ ಮೂರು ಪಟ್ಟೂ ಇಲ್ಲವಲ್ಲ’ ಎಂದು ಕೇಳುವವರಿಗೆ ಉತ್ತರ ಇದು. ಇನ್ನೊಂದನ್ನೂ ಆ ಪುಟ ಹೇಳಬೇಕಿತ್ತು: 40ರಿಂದ 50ಕ್ಕೆ ಏರುವುದೆಂದರೆ ಶಕ್ತಿ ಶೇ. 25 ಅಲ್ಲ, ಶೇ. 56 ಹೆಚ್ಚುತ್ತದೆ.

ನಿರ್ವಹಣೆ ಹೆಚ್ಚೇನಿಲ್ಲ. ಚಕ್ರದ ಅಚ್ಚಿಗೆ ಕೂದಲು, ದಾರದ ಎಳೆ ಸುತ್ತಿಕೊಂಡರೆ ಚಿಮುಟದಿಂದ ಬಿಡಿಸಿ. ಎಣ್ಣೆ ಹಾಕಬೇಡಿ, ಧೂಳು ಹಿಡಿದು ಇನ್ನಷ್ಟು ಬಿಗಿಯಾಗುತ್ತದೆ. ದಾರ ಹಳಿಗೆ ಸಮಾನಾಂತರವಾಗಿರುವಂತೆ ರಾಟೆಯ ಎತ್ತರ ಹೊಂದಿಸಿ, ಓರೆಯಾದರೆ ಎಳೆತದ ಒಂದು ಪಾಲು ಟ್ರಾಲಿಯನ್ನು ಮೇಲಕ್ಕೋ ಕೆಳಕ್ಕೋ ಎಳೆಯುತ್ತದೆ. ಹಳಿಯ ತುದಿಯ ರಬ್ಬರ್ ತಡೆ ಗಟ್ಟಿಯಾಗಿದೆಯೇ ಎಂದು ಆಗಾಗ ನೋಡಿ. ಅದು ಕಿತ್ತುಬಂದರೆ ಟ್ರಾಲಿ ಮೇಜಿನಿಂದ ಬಿದ್ದು ಅಚ್ಚು ಬಾಗುತ್ತದೆ. ಬಾಗಿದ ಅಚ್ಚನ್ನು ನೆಟ್ಟಗೆ ಮಾಡುವುದು ಹೆಚ್ಚುಕಡಿಮೆ ಆಗದ ಮಾತು.

ಲ್ಯಾಬಿನಲ್ಲಿ ವರ್ಷವಿಡೀ ಹಲವು ತಂಡಗಳು ಅಳತೆ ಮಾಡಿ ಗ್ರಾಫ್ ಎಳೆಯಬೇಕಿದ್ದರೆ 0.1 ಮಿಲಿಸೆಕೆಂಡ್ ಟೈಮರ್, ತಿರುಪಿನ ಫ್ಲ್ಯಾಗ್, ಹಗುರ ಚಕ್ರ ಇರುವ ಪೂರ್ತಿ ಕಿಟ್ ಕೊಳ್ಳಿ. ಈ ಮೂರರಲ್ಲಿ ಟೈಮರ್ ಒಂದು ಸರಿಯಿಲ್ಲವೆಂದರೂ ಬೇರೆ ಕಿಟ್ ನೋಡುವುದು ಲೇಸು. ತರಗತಿಯಲ್ಲಿ ಒಮ್ಮೆ ಎಲ್ಲರೆದುರು ತೋರಿಸಿದರೆ ಸಾಕು ಎನ್ನುವವರಿಗೆ ಪೂರ್ತಿ ಪೆಟ್ಟಿಗೆ ಬೇಕಿಲ್ಲ: ಒಂದೇ ಗಾತ್ರದ ಎರಡು ಗುಂಡು, ಒಂದು ತಟ್ಟೆ ಎಣ್ಣೆ ಜೇಡಿ, 2 ಮೀಟರಿನ ಅಳತೆ ಟೇಪ್ ಬಿಡಿಯಾಗಿ ತಂದುಕೊಂಡರೆ ಕೆಲಸ ಆಗುತ್ತದೆ.